ಗಾಯ ತನ್ನಷ್ಟಕ್ಕೆ ಮಾಯುತ್ತದೆಯೇ? ಪರೇಲಿನ ಒಂದು ಹಳೆಯ ಕಥೆ

ಮೊನ್ನೆ ಭಾನುವಾರ ಮೊಮ್ಮಗ ನಮ್ಮ ಕಾಲೋನಿಯ ಅಂಗಳದಲ್ಲಿ ಕ್ರಿಕೆಟ್ ಆಡುತ್ತಾ ಬಿದ್ದು ಮೊಣಕಾಲು ತರಚಿಕೊಂಡು ಬಂದ. ರಕ್ತಕ್ಕಿಂತ ಮಣ್ಣೇ ಹೆಚ್ಚು. ಸೊಸೆ ಗಾಬರಿಯಾಗಿ ಡಾಕ್ಟರ ಹತ್ತಿರ ಹೊರಟಳು. ನನ್ನವಳು, "ಇಷ್ಟಕ್ಕೆಲ್ಲ ಡಾಕ್ಟರು ಎಂತಕ್ಕೆ? ಚೂರು ಅರಿಸಿನ ಹಚ್ಚಿದ್ರೆ ತನ್ನಷ್ಟಕ್ಕೆ ಮಾಯ್ತದೆ" ಅಂದಳು. "ಮಾವ, ನೀವೇ ಹೇಳಿ" ಎಂದು ಸೊಸೆ ನನ್ನ ಮುಖ ನೋಡಿದಳು.

ಅತ್ತೆ-ಸೊಸೆಯರ ಮಾತಿನ ನಡುವೆ ನಾನು ಸಾಮಾನ್ಯವಾಗಿ ಬಾಯಿ ಹಾಕುವವನಲ್ಲ. ಆದರೆ "ತನ್ನಷ್ಟಕ್ಕೆ ಮಾಯ್ತದೆ" ಎಂಬ ಮಾತು ಕೇಳಿದಾಗಲೆಲ್ಲ ನನಗೆ 1974ನೇ ಇಸವಿ ನೆನಪಾಗುತ್ತದೆ. ಆವತ್ತು ಆ ಮಾತು ಹೇಳಿದವನು ನಾನೇ.

ಆಗ ನಾನು ಮುಂಬಯಿಗೆ ಬಂದು ಎರಡು ವರ್ಷವಾಗಿತ್ತು. ಹಗಲು ಹೊಟೇಲಿನ ಕೆಲಸ, ಸಂಜೆ ರಾತ್ರಿಶಾಲೆ. ನಮ್ಮ ಜೊತೆ ಕುಂದಾಪುರ ಕಡೆಯ ಒಬ್ಬ ಹುಡುಗನಿದ್ದ, ಹದಿನಾರು ಹದಿನೇಳರ ಪ್ರಾಯ. ಒಂದು ದಿನ ಹೊಟೇಲಿನ ಹಿಂಬದಿಯ ಮೋರಿಯ ಹತ್ತಿರ ಬಿದ್ದಿದ್ದ ಮುರಿದ ಖೋಕೆಯ ಹಲಗೆಯನ್ನು ಬರಿಗಾಲಲ್ಲಿ ತುಳಿದ. ಮೊಳೆ ಅಂಗಾಲಿನೊಳಗೆ ಹೊಕ್ಕಿತು. ಎಳೆದು ತೆಗೆದೆವು. ಒಂದೆರಡು ಹನಿ ರಕ್ತ, ಅಷ್ಟೆ. "ಆಸ್ಪತ್ರೆಗೆ ಹೋಗ್ಬೇಕಾ?" ಎಂದು ಕೇಳಿದ. "ಎಂತ ಆಗುದಿಲ್ಲ ಮಾರಾಯ, ತನ್ನಷ್ಟಕ್ಕೆ ಮಾಯ್ತದೆ" ಅಂದೆ. ಅಡುಗೆಯ ಭಟ್ಟರು ಬಿಸಿ ಎಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿದರು. ಎರಡು ದಿನ ಕುಂಟಿದ. ನಾಲ್ಕನೇ ದಿನಕ್ಕೆ ತೂತು ಮುಚ್ಚಿಕೊಂಡಿತ್ತು. ನಾನು ಹೇಳಿದ ಹಾಗೇ ಆಯಿತಲ್ಲ!

ಒಂಬತ್ತನೇ ದಿನ ಬೆಳಿಗ್ಗೆ ಚಹಾ ಕುಡಿಯಲು ಅವನಿಗೆ ಬಾಯಿ ತೆರೆಯಲಾಗಲಿಲ್ಲ.

ಹಲ್ಲುನೋವು ಇರಬೇಕು ಅಂದುಕೊಂಡೆವು. ಮಧ್ಯಾಹ್ನಕ್ಕೆ ಕತ್ತು ಬಿಗಿಯಿತು. ಸಂಜೆ ಯಾರೋ ತಟ್ಟೆ ಬೀಳಿಸಿದ ಸದ್ದಿಗೆ ಇಡೀ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿತು. ಆಗ ಭಟ್ಟರ ಮುಖ ಬಿಳಿಚಿತು. "ಇದು ಧನುರ್ವಾಯು" ಅಂದರು. ಟ್ಯಾಕ್ಸಿಯಲ್ಲಿ ಹಾಕಿಕೊಂಡು ಮುನಿಸಿಪಾಲಿಟಿಯ ದೊಡ್ಡ ಆಸ್ಪತ್ರೆಗೆ ಓಡಿದೆವು.

ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅಂದಿನಿಂದ ನನ್ನ ತಲೆಯಲ್ಲಿ ಉಳಿದ ಪ್ರಶ್ನೆಯೆಂದರೆ, ಗಾಯ ನಿಜಕ್ಕೂ ತನ್ನಷ್ಟಕ್ಕೆ ವಾಸಿಯಾಗುತ್ತದೆಯೇ, ಔಷಧ ಬೇಕೇ? ವರ್ಷಗಟ್ಟಲೆ ಅಲ್ಲಿ ಇಲ್ಲಿ ಓದಿ, ತಿಳಿದವರನ್ನು ಕೇಳಿ ಗೊತ್ತುಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮುಂಬಯಿಗೂ ಈ ಪ್ರಶ್ನೆಗೂ ಇಷ್ಟು ಹತ್ತಿರದ ನಂಟಿದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ಮೊದಲು ನನ್ನವಳ ಪಕ್ಷ ವಹಿಸಿ ಮಾತಾಡುತ್ತೇನೆ. ಗಾಯ ಮಾಯಿಸುವ ಕೆಲಸ ದೇಹದ್ದೇ, ಅದರಲ್ಲಿ ಸಂಶಯವಿಲ್ಲ. ಸಣ್ಣಪುಟ್ಟ ಗಾಯವಾದರೆ ಕೆಲವು ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬಿಳಿ ರಕ್ತಕಣಗಳು ಬಂದು ಕೊಳೆ ತಿಂದು ಗುಡಿಸುತ್ತವೆ. ಅಡಿಯಿಂದ ಹೊಸ ಮಾಂಸ ತುಂಬುತ್ತದೆ, ಅಂಚುಗಳಿಂದ ಚರ್ಮ ಹರಿದು ಬರುತ್ತದೆ. ಡಾಕ್ಟರು ಹೊಲಿಗೆ ಹಾಕಿದರೂ ಅದು ಎರಡು ಅಂಚುಗಳನ್ನು ಹತ್ತಿರ ತಂದು ಕೊಡುವುದಷ್ಟೆ, ಬೆಸೆಯುವುದು ದೇಹ. ಮುರಿದ ಎಲುಬೂ ಹಾಗೆಯೇ. ಪ್ಲಾಸ್ಟರು ಎಲುಬನ್ನು ಕೂಡಿಸುವುದಿಲ್ಲ, ಅಲುಗದ ಹಾಗೆ ಹಿಡಿದಿಡುತ್ತದೆ.

ಇನ್ನೂ ಒಂದು ಮಾತಿದೆ. ಚಿಕಿತ್ಸೆಯೇ ಗಾಯಕ್ಕಿಂತ ಕೆಟ್ಟದಾಗಿದ್ದ ಕಾಲವೂ ಇತ್ತು. 1530ರ ದಶಕದಲ್ಲಿ ಫ್ರಾನ್ಸಿನ ಸೈನ್ಯದಲ್ಲಿ ಆಂಬ್ರೋಸ್ ಪಾರೆ ಎಂಬ ಶಸ್ತ್ರವೈದ್ಯನಿದ್ದ. ಗುಂಡೇಟಿನ ಗಾಯಕ್ಕೆ ಕುದಿಯುವ ಎಣ್ಣೆ ಹೊಯ್ಯುವುದು ಆಗಿನ ಪದ್ಧತಿ. ಒಂದು ದಿನ ಯುದ್ಧದಲ್ಲಿ ಎಣ್ಣೆ ಮುಗಿದುಹೋಯಿತು. ಉಳಿದವರಿಗೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ಇವರು ಬೆಳಗಾಗುವುದರೊಳಗೆ ಸಾಯುತ್ತಾರೆ ಎಂದು ರಾತ್ರಿಯಿಡೀ ಅವನಿಗೆ ನಿದ್ದೆಯಿಲ್ಲ. ಬೆಳಿಗ್ಗೆ ನೋಡಿದರೆ ಎಣ್ಣೆ ಹೊಯ್ಯಿಸಿಕೊಂಡವರು ಜ್ವರದಿಂದ ನರಳುತ್ತಿದ್ದರು, ಇವರು ಸುಖವಾಗಿ ಮಲಗಿದ್ದರು. ಅಂದಿನಿಂದ ಪಾರೆ ಕುದಿಯುವ ಎಣ್ಣೆ ಬಿಟ್ಟ. ತಾನು ಕಟ್ಟು ಕಟ್ಟುವುದು ಮಾತ್ರ, ವಾಸಿಮಾಡುವುದು ದೇವರು ಎನ್ನುತ್ತಿದ್ದನಂತೆ.

ನಮ್ಮ ಊರಿನಲ್ಲೂ ಗಾಯದ ಮೇಲೆ ಏನೇನು ಹಾಕುತ್ತಿರಲಿಲ್ಲ? ಅರಿಸಿನ, ಕಾಫಿ ಪುಡಿ, ಸುಣ್ಣ, ಹೊಗೆಸೊಪ್ಪು, ಸೀಮೆಎಣ್ಣೆ... ಕೆಲವು ಕಡೆ ಒಲೆಯ ಬೂದಿ, ಸಗಣಿ ಕೂಡ. ಹೆಚ್ಚಿನ ಗಾಯಗಳು ಮಾಯುತ್ತಿದ್ದವು. ಹೆಸರು ಮದ್ದಿಗೆ ಹೋಗುತ್ತಿತ್ತು.

ಹಾಗಾದರೆ ಸೊಸೆಯ ಗಾಬರಿ ಸುಮ್ಮನೆಯೇ? ಅಲ್ಲ. ಗಾಯ ಮಾಯುವುದು ಒಂದು, ಗಾಯದ ಬಾಗಿಲಿನಿಂದ ಒಳಗೆ ಬಂದದ್ದು ಇನ್ನೊಂದು. ಇವೆರಡೂ ಬೇರೆ ಬೇರೆ ಎಂಬುದಕ್ಕೆ ನಮ್ಮ ಮುಂಬಯಿಯಲ್ಲೇ ಸಾಕ್ಷಿ ಸಿಕ್ಕಿದೆ.

ಬೈಕಲಾದ ಜೆ.ಜೆ. ಆಸ್ಪತ್ರೆ ಗೊತ್ತಲ್ಲ? ಸರ್ ಜಮ್ಶೆಟ್ಜಿ ಜೀಜೀಭಾಯಿಯವರ ದಾನದಿಂದ 1845ರಲ್ಲಿ ಶುರುವಾದದ್ದು. ಪಕ್ಕದಲ್ಲೇ ಅದೇ ವರ್ಷದ ಗ್ರ್ಯಾಂಟ್ ಮೆಡಿಕಲ್ ಕಾಲೇಜು. 1858ರಲ್ಲಿ ಹೆನ್ರಿ ವಾಂಡೈಕ್ ಕಾರ್ಟರ್ ಎಂಬ ಇಂಗ್ಲಿಷ್ ವೈದ್ಯ ಇಲ್ಲಿಗೆ ಬಂದ. ಜಗತ್ತಿನ ವೈದ್ಯ ವಿದ್ಯಾರ್ಥಿಗಳೆಲ್ಲ ಓದುವ ಗ್ರೇಸ್ ಅನಾಟಮಿ ಪುಸ್ತಕದ ಮೊದಲ ಆವೃತ್ತಿಯ ಚಿತ್ರಗಳನ್ನು ಬರೆದವನು ಇವನೇ. ಇಲ್ಲಿ ಅವನ ಕಣ್ಣಿಗೆ ಬಿದ್ದದ್ದು ಬರಿಗಾಲ ರೈತರ ಒಂದು ವಿಚಿತ್ರ ರೋಗ. ಕಾಲು ಊದಿಕೊಂಡು, ತೂತು ತೂತಾಗಿ, ಒಳಗಿನಿಂದ ಮೀನಿನ ಮೊಟ್ಟೆಯಂಥ ಕರಿಯ ಅಥವಾ ಬಿಳಿಯ ಕಾಳುಗಳು ಹೊರಬರುತ್ತಿದ್ದವು. ಮಧುರೆಯ ಕಡೆ ಹೆಚ್ಚು ಕಂಡದ್ದರಿಂದ ಮದುರಾ ಪಾದ ಎಂದು ಕರೆಯುತ್ತಿದ್ದರು. ಇದು ಮಣ್ಣಿನ ಶಿಲೀಂಧ್ರದ ಕೆಲಸ ಎಂದು ಕಾರ್ಟರ್ ತೋರಿಸಿದ, 1874ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ. ಕೆಲವು ಬಗೆಯ ಮಣ್ಣಿನ ಬ್ಯಾಕ್ಟೀರಿಯಾದಿಂದಲೂ ಈ ರೋಗ ಬರುತ್ತದೆಂದು ಆಮೇಲೆ ತಿಳಿಯಿತು. ಈ ರೋಗ ಒಳಹೊಗುವುದು ಸಾಮಾನ್ಯವಾಗಿ ಒಂದು ಮುಳ್ಳು ಚುಚ್ಚಿದ ಗಾಯದಿಂದ. ಆ ಗಾಯ ಎಂದೋ ಮಾಯಿರುತ್ತದೆ, ಚುಚ್ಚಿದ್ದೇ ಮರೆತಿರುತ್ತದೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕಾಲು ಊದುತ್ತದೆ. ಕಾರ್ಟರನ ಕಾಲದಲ್ಲಿ ಇದಕ್ಕೆ ಔಷಧವಿರಲಿಲ್ಲ, ಕೊನೆಗೆ ಕಾಲನ್ನೇ ಕತ್ತರಿಸಬೇಕಾಗುತ್ತಿತ್ತು.

ಇನ್ನು ಪರೇಲಿಗೆ ಬರೋಣ. ಕೆ.ಇ.ಎಂ. ಆಸ್ಪತ್ರೆ ಇರುವ ಆಚಾರ್ಯ ದೋಂದೆ ಮಾರ್ಗದಲ್ಲೇ ಹಾಫ್‌ಕಿನ್ ಸಂಸ್ಥೆಯ ಹಳೆಯ ಬಂಗಲೆ ಇದೆ. ಒಂದು ಕಾಲಕ್ಕೆ ಅದು ಮುಂಬಯಿ ಗವರ್ನರರ ಮನೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ವಾಲ್ಡಮರ್ ಹಾಫ್‌ಕಿನ್ ಎಂಬ ವಿಜ್ಞಾನಿ ಇಲ್ಲಿಗೆ ಬಂದು, ಗ್ರ್ಯಾಂಟ್ ಕಾಲೇಜಿನ ಚಿಕ್ಕ ಕೋಣೆಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡ. 1899ರಲ್ಲಿ ಅವನ ಪ್ರಯೋಗಾಲಯ ಪರೇಲಿನ ಈ ಬಂಗಲೆಗೆ ಬಂತು. ನಮ್ಮ ಹುಬ್ಬಳ್ಳಿಯಲ್ಲಿ 1898ರ ಪ್ಲೇಗಿನ ಹಾವಳಿಯ ಹೊತ್ತಿಗೆ ಸಾವಿರಾರು ಜನ ಚುಚ್ಚಿಸಿಕೊಂಡದ್ದು ಇವನ ಲಸಿಕೆಯನ್ನೇ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತಲ್ಲ.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ (ಈಗ ಪಾಕಿಸ್ತಾನದಲ್ಲಿದೆ) 107 ಮಂದಿಗೆ ಪರೇಲಿನಿಂದ ಹೋದ ಲಸಿಕೆ ಹಾಕಿದರು. ವಾರದ ಹೊತ್ತಿಗೆ ಅವರಲ್ಲಿ 19 ಮಂದಿಗೆ ಧನುರ್ವಾಯು ಕಾಣಿಸಿಕೊಂಡಿತು. 19 ಜನವೂ ತೀರಿಕೊಂಡರು. ಎಲ್ಲರೂ ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡವರು.

ಯೋಚನೆ ಮಾಡಿ. ಸೂಜಿ ಚುಚ್ಚಿದ ಗಾಯ ಎಷ್ಟು ದೊಡ್ಡದು? ಮರುದಿನ ಹುಡುಕಿದರೂ ಕಾಣಿಸುವುದಿಲ್ಲ.

ತಪ್ಪನ್ನು ಹಾಫ್‌ಕಿನನ ಮೇಲೆ ಹೊರಿಸಿದರು. ಲಸಿಕೆ ಬೇಗ ತಯಾರಾಗಲಿ ಎಂದು ಅವನು ಕಾರ್ಬಾಲಿಕ್ ಆಮ್ಲ ಸೇರಿಸುವುದನ್ನು ಬಿಟ್ಟು ಬರೀ ಶಾಖದಿಂದ ಶುದ್ಧಿ ಮಾಡುವ ಕ್ರಮ ತಂದಿದ್ದ, ಅದರಿಂದಲೇ ಹೀಗಾಯಿತು ಎಂದು ವಿಚಾರಣಾ ಆಯೋಗದ ಅಭಿಪ್ರಾಯ. ಕೆಲಸ ಹೋಯಿತು, ದೇಶ ಬಿಟ್ಟು ಹೋದ. ಆಮೇಲೆ ಒಂದೊಂದಾಗಿ ವಿಷಯ ಹೊರಬಂತು. ಮುಲ್ಕೋವಾಲಿನಲ್ಲಿ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಬೆಂಕಿಯಲ್ಲಿ ಹಿಡಿದು ಶುದ್ಧಿ ಮಾಡದೆ, ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಅದೇ ಚಿಮಟ ಬಳಸಿದ್ದ. ಲಸಿಕೆ ಪರೇಲಿನಲ್ಲೇ ಕೆಟ್ಟಿದ್ದರೆ ಬಾಟಲಿ ತೆರೆದಾಗ ನಾತ ಹೊಡೆಯಬೇಕಿತ್ತು, ಹೊಡೆದಿರಲಿಲ್ಲ. ಮಲೇರಿಯಾ ಖ್ಯಾತಿಯ ರೊನಾಲ್ಡ್ ರಾಸ್ ಮೊದಲಾದವರು ಲಂಡನ್ನಿನ ಪತ್ರಿಕೆಯಲ್ಲಿ ಬರೆದು ಹೋರಾಡಿದರು. 1907ರಲ್ಲಿ ಹಾಫ್‌ಕಿನ್ ನಿರ್ದೋಷಿ ಎಂದಾಯಿತು. ಮತ್ತೆ ಭಾರತಕ್ಕೆ ಬಂದ, ಆದರೆ ಕಲಕತ್ತೆಗೆ. ಪರೇಲಿನ ಪ್ರಯೋಗಾಲಯಕ್ಕೆ ಅವನ ಹೆಸರಿಟ್ಟದ್ದು 1925ರಲ್ಲಿ.

ಹಾಗಾದರೆ ನೆಲದ ಮಣ್ಣಿನಲ್ಲಿ ಅಂಥದ್ದೇನಿತ್ತು?

ಧನುರ್ವಾಯು ಹಳೆಯ ರೋಗ. ಆಯುರ್ವೇದದ ಹಳೆಯ ಗ್ರಂಥಗಳಲ್ಲೇ ಧನುಸ್ತಂಭ ಎಂಬ ಹೆಸರಿದೆ. ಇಲ್ಲಿ ಮರಾಠಿಯವರು ಧನುರ್ವಾತ ಎನ್ನುತ್ತಾರೆ. ಕಾರಣ ತಿಳಿದದ್ದು ಮಾತ್ರ ತೀರಾ ಈಚೆಗೆ. 1884ರಲ್ಲಿ ಜರ್ಮನಿಯ ನಿಕೊಲಾಯರ್ ಎಂಬವನು ತೋಟದ ಮಣ್ಣನ್ನು ಪ್ರಾಣಿಗಳಿಗೆ ಚುಚ್ಚಿ ಈ ರೋಗ ಬರಿಸಿ ತೋರಿಸಿದ. 1889ರಲ್ಲಿ ಜಪಾನಿನ ಕಿತಸಾಟೊ ಆ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದ. ಅದು ಮಣ್ಣಿನಲ್ಲಿ, ಕುದುರೆ ದನಗಳ ಸಗಣಿಯಲ್ಲಿ ಬೀಜದಂಥ ರೂಪದಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಅದಕ್ಕೆ ಗಾಳಿ ಆಗಿಬರುವುದಿಲ್ಲ. ತೆರೆದ ದೊಡ್ಡ ಗಾಯಕ್ಕಿಂತ ಆಳವಾದ ಸಣ್ಣ ತೂತೇ ಅದಕ್ಕೆ ಹೆಚ್ಚು ಅನುಕೂಲ. ಮೇಲೆ ಚರ್ಮ ಮುಚ್ಚಿಕೊಂಡರೆ ಇನ್ನೂ ಒಳ್ಳೆಯದಾಯಿತು! ನಾವೆಲ್ಲ ತುಕ್ಕು ಹಿಡಿದ ಮೊಳೆ ಎಂದು ಹೆದರುತ್ತೇವೆ. ತುಕ್ಕಿಗೂ ಈ ರೋಗಕ್ಕೂ ಸಂಬಂಧವಿಲ್ಲ. ಮೊಳೆಯ ಜೊತೆ ಆಳಕ್ಕೆ ಹೋಗುವ ಮಣ್ಣೇ ಮುಖ್ಯ.

ಒಳಗೆ ಕೂತು ಅದು ವಿಷ ಮಾಡುತ್ತದೆ. ವಿಷ ನರಗಳ ದಾರಿ ಹಿಡಿದು ಬೆನ್ನುಹುರಿಗೆ ಏರುತ್ತದೆ. ನಮ್ಮ ಸ್ನಾಯುಗಳಿಗೆ "ಸಾಕು, ನಿಲ್ಲು" ಎನ್ನುವ ಸಂದೇಶವನ್ನು ಅದು ತಡೆಯುತ್ತದೆ. ಆಗ ಎಲ್ಲ ಸ್ನಾಯುಗಳೂ ಒಟ್ಟಿಗೆ ಬಿಗಿಯುತ್ತವೆ. ಮೊದಲು ದವಡೆ, ಆಮೇಲೆ ಕತ್ತು, ಬೆನ್ನು, ಕೊನೆಗೆ ಉಸಿರಾಟ. ಗಾಯವಾದ 3 ದಿನದಿಂದ 21 ದಿನದೊಳಗೆ ಸಾಮಾನ್ಯವಾಗಿ ಶುರುವಾಗುತ್ತದೆ. ಆ ಹೊತ್ತಿಗೆ ಎಷ್ಟೋ ಜನರಲ್ಲಿ ಗಾಯವೇ ಇರುವುದಿಲ್ಲ. ನಮ್ಮ ಹುಡುಗನದೂ ಹಾಗೇ ಆದದ್ದು.

1890ರಲ್ಲಿ ಬೆರಿಂಗ್ ಮತ್ತು ಕಿತಸಾಟೊ ಇದಕ್ಕೆ ಪ್ರತಿವಿಷ ಕಂಡುಹಿಡಿದರು. ಕುದುರೆಗಳಿಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅವುಗಳ ರಕ್ತದಿಂದ ತೆಗೆಯುವ ಔಷಧ. ಒಂದನೇ ಮಹಾಯುದ್ಧದಲ್ಲಿ ಗೊಬ್ಬರದ ಹೊಲಗಳಲ್ಲಿ ಕಂದಕ ತೋಡಿ ಕೂತ ಗಾಯಾಳು ಸೈನಿಕರಿಗೆಲ್ಲ ಇದನ್ನು ಕೊಡಲು ಶುರುಮಾಡಿದ ಕೆಲವೇ ತಿಂಗಳಲ್ಲಿ ಧನುರ್ವಾಯು ಇಳಿಯಿತು. 1920ರ ದಶಕದಲ್ಲಿ ಫ್ರಾನ್ಸಿನ ಗಾಸ್ತೋನ್ ರಾಮೋನ್ ವಿಷವನ್ನೇ ಪಳಗಿಸಿ ಲಸಿಕೆ ಮಾಡುವ ಬಗೆ ಕಂಡುಹಿಡಿದ. ಎರಡನೇ ಮಹಾಯುದ್ಧದಲ್ಲಿ ಲಸಿಕೆ ಹಾಕಿಸಿಕೊಂಡ ಇಡೀ ಅಮೆರಿಕನ್ ಸೈನ್ಯದಲ್ಲಿ ಧನುರ್ವಾಯು ಬಂದದ್ದು ಕೇವಲ 12 ಮಂದಿಗೆ. ಲಕ್ಷಾಂತರ ಗಾಯಗಳು, 12 ರೋಗಿಗಳು!

ನಮ್ಮ ಮುಂಬಯಿಯ ಸ್ಥಿತಿ ಆಗ ಬೇರೆಯಾಗಿತ್ತು. ಇಲ್ಲಿ ಲಸಿಕೆ ಹಾಕಿಸಿಕೊಂಡವರು ಕಡಿಮೆಯಿದ್ದರು. ಬರಿಗಾಲಲ್ಲಿ ಓಡಾಡುವವರು, ಗಿರಣಿ ಗೋದಿಗಳಲ್ಲಿ ದುಡಿಯುವವರು, ಹೊಟೇಲಿನ ಹುಡುಗರು, ತಬೇಲಾದವರು ಹೆಚ್ಚಿದ್ದರು. ಆಸ್ಪತ್ರೆಗಳಲ್ಲಿ ಧನುರ್ವಾಯುವಿಗೆಂದೇ ಬೇರೆ ವಾರ್ಡುಗಳಿದ್ದವು. ಇಷ್ಟೊಂದು ರೋಗಿಗಳನ್ನು ನೋಡಿದ್ದರಿಂದ ಈ ರೋಗದ ವಿಷಯದಲ್ಲಿ ಮುಂಬಯಿಯ ವೈದ್ಯರ ಮಾತಿಗೆ ಜಗತ್ತಿನಲ್ಲೇ ಬೆಲೆ ಬಂತು. 1959ರಲ್ಲಿ ಇಲ್ಲಿನ ಜೆ.ಸಿ. ಪಟೇಲ್ ಮತ್ತು ಜಿ.ಜಿ. ಜೋಗ್ ಎಂಬ ವೈದ್ಯರು ರೋಗಿ ಉಳಿಯುವ ಸಾಧ್ಯತೆ ಎಷ್ಟು ಎಂದು ಅಳೆಯಲು ಐದು ಲಕ್ಷಣಗಳ ಪಟ್ಟಿ ಮಾಡಿದರು. ದವಡೆ ಬಿಗಿತ, ಸೆಳೆತ, ಗಾಯವಾಗಿ ಏಳು ದಿನದೊಳಗೆ ರೋಗ ಶುರುವಾಗುವುದು, ಮೊದಲ ಲಕ್ಷಣದಿಂದ ಸೆಳೆತಕ್ಕೆ ಎರಡು ದಿನದೊಳಗಿನ ಅಂತರ, ಜ್ವರ. ಇವುಗಳಲ್ಲಿ ಎಷ್ಟು ಹೆಚ್ಚೋ ಅಷ್ಟು ಕಷ್ಟ. ಹೊರದೇಶದ ವೈದ್ಯಗ್ರಂಥಗಳೂ ಈ ಪಟ್ಟಿಯನ್ನು ಹೆಸರಿಸುತ್ತವೆ. 1963ರಲ್ಲಿ ಧನುರ್ವಾಯುವಿನ ಅಂತಾರಾಷ್ಟ್ರೀಯ ಸಮ್ಮೇಳನ ನಡೆದದ್ದು ನಮ್ಮ ಮುಂಬಯಿಯಲ್ಲೇ. ಅದೇ ವರ್ಷ ಪಟೇಲ್ ಮತ್ತು ಮೆಹ್ತಾ 2,007 ರೋಗಿಗಳ ಅಧ್ಯಯನ ಪ್ರಕಟಿಸಿದರು. 1999ರ ಅವರ ಇನ್ನೊಂದು ಲೇಖನದಲ್ಲಿ ರೋಗಿಗಳ ಲೆಕ್ಕ 8,697. ಹೆಮ್ಮೆ ಪಡಬೇಕೋ ದುಃಖ ಪಡಬೇಕೋ ತಿಳಿಯುವುದಿಲ್ಲ. ಪ್ರತಿಯೊಂದೂ ಲಸಿಕೆಯಿಂದ ತಪ್ಪಿಸಬಹುದಾಗಿದ್ದ ರೋಗ.

ಈಗ ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನನ್ನು ಮಲಗಿಸಿದ್ದು ಕತ್ತಲೆ ಕೋಣೆಯಲ್ಲಿ. ಬೆಳಕು, ಸದ್ದು, ಮುಟ್ಟುವುದು ಯಾವುದಾದರೂ ಸೆಳೆತ ಬರಿಸುತ್ತದೆ. ನರ್ಸುಗಳು ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಮಾಯಿದ್ದ ಅಂಗಾಲನ್ನು ಮತ್ತೆ ಕೊಯ್ದು ತೊಳೆದರು. ಕುದುರೆಯ ಪ್ರತಿವಿಷ ಕೊಟ್ಟರು, ಸ್ನಾಯು ಸಡಿಲಿಸುವ ಔಷಧ ಕೊಟ್ಟರು, ಮೂಗಿನ ನಳಿಗೆಯಲ್ಲಿ ಹಾಲು ಹೊಯ್ದರು. ಗಂಟಲಲ್ಲಿ ತೂತು ಮಾಡಿ ಉಸಿರಾಟಕ್ಕೆ ದಾರಿ ಮಾಡಿದರು. ನಾನು ರಾತ್ರಿಶಾಲೆ ಬಿಟ್ಟು ದಿನಾ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಪಕ್ಕದ ಹಾಸಿಗೆಯ ಗಿರಣಿ ಕಾರ್ಮಿಕ ಐದನೇ ದಿನ ತೀರಿಕೊಂಡ. ಆ ರಾತ್ರಿ ನಾನು ಖೋಲಿಗೆ ಬಂದು ಊಟ ಮಾಡಲಿಲ್ಲ.

ಒಂದು ದಿನ ಅಲ್ಲಿನ ಕಿರಿಯ ವೈದ್ಯರೊಬ್ಬರನ್ನು ಕೇಳಿದೆ, "ಡಾಕ್ಟರ್ ಸಾಹೇಬ್, ಈ ಔಷಧದಿಂದ ವಿಷ ಯಾವಾಗ ಇಳಿಯುತ್ತದೆ?" ಅವರು ಹೇಳಿದ್ದು ಇಂದಿಗೂ ಮರೆತಿಲ್ಲ. ನರಕ್ಕೆ ಅಂಟಿದ ವಿಷವನ್ನು ತೆಗೆಯುವ ಔಷಧವೇ ಇಲ್ಲವಂತೆ. ಪ್ರತಿವಿಷ ಇನ್ನೂ ಅಂಟದೆ ಉಳಿದದ್ದನ್ನು ಮಾತ್ರ ಹಿಡಿಯುತ್ತದೆ. ಅಂಟಿದ ಕಡೆ ನರದ ತುದಿಗಳು ಹೊಸದಾಗಿ ಬೆಳೆಯಬೇಕು, ಅದು ದೇಹವೇ ಮಾಡಬೇಕು, ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಅವನು ಉಸಿರಾಡುವ ಹಾಗೆ ನೋಡಿಕೊಳ್ಳುವುದಷ್ಟೇ ತಮ್ಮ ಕೆಲಸ ಎಂದರು.

1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಾವಳಿಯಾದಾಗ ವೈದ್ಯ ವಿದ್ಯಾರ್ಥಿಗಳು ಸರದಿಯಲ್ಲಿ ಕೂತು ಕೈಯಿಂದಲೇ ಗಾಳಿಯ ಚೀಲ ಒತ್ತಿ ಮಕ್ಕಳನ್ನು ಉಳಿಸಿದ್ದರು. ಅದೇ ದಾರಿ ಧನುರ್ವಾಯುವಿಗೂ ಬಂತು. ಸ್ನಾಯುಗಳನ್ನೆಲ್ಲ ಔಷಧದಿಂದ ಸುಮ್ಮನಾಗಿಸಿ, ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸುವುದು. ಮುಂಬಯಿಯಲ್ಲಿ ಜೆ.ಜೆ. ಆಸ್ಪತ್ರೆಯ ಡಾ. ಫರೂಖ್ ಉದ್ವಾಡಿಯಾ ತೀವ್ರ ನಿಗಾ ಘಟಕದಲ್ಲಿ ಇಂಥ ರೋಗಿಗಳನ್ನು ವರ್ಷಾನುಗಟ್ಟಲೆ ನೋಡಿ, ಉಸಿರು ಉಳಿದರೂ ಹೃದಯ ಮತ್ತು ರಕ್ತದೊತ್ತಡ ಹೇಗೆ ಏರುಪೇರಾಗುತ್ತದೆ ಎಂದು ಅಧ್ಯಯನ ಮಾಡಿ, 1994ರಲ್ಲಿ ಈ ರೋಗದ ಮೇಲೆಯೇ ಒಂದು ಗ್ರಂಥ ಬರೆದರು.

ನಮ್ಮ ಹುಡುಗ ಉಳಿದ. ಐದು ವಾರ ಬೇಕಾಯಿತು. ಹಾಗಾದರೆ ಅವನನ್ನು ವಾಸಿ ಮಾಡಿದ್ದು ಯಾರು? ದೇಹ ಎಂದರೂ ಸರಿ. ಆದರೆ ಆಸ್ಪತ್ರೆಯಿಲ್ಲದಿದ್ದರೆ ದೇಹಕ್ಕೆ ಆ ಐದು ವಾರ ಸಿಗುತ್ತಿರಲಿಲ್ಲ. ನನಗೆ ಸಿಕ್ಕ ಉತ್ತರ ಇಷ್ಟೆ. ವಾಸಿಯಾಗುವುದು ತನ್ನಷ್ಟಕ್ಕೆ. ವಾಸಿಯಾಗುವಷ್ಟು ಸಮಯ ಸಿಗುವುದು ಮಾತ್ರ ತನ್ನಷ್ಟಕ್ಕೆ ಅಲ್ಲ.

ಬಿಡುಗಡೆಯ ದಿನ ಅವನಿಗೆ ಧನುರ್ವಾಯುವಿನ ಲಸಿಕೆ ಚುಚ್ಚಿದರು. "ಬಂದು ಹೋದ ರೋಗಕ್ಕೆ ಯಾಕೆ?" ಎಂದು ಕೇಳಿದೆವು. ಸಿಡುಬು ದಡಾರದ ಹಾಗೆ ಇದು ಒಮ್ಮೆ ಬಂದರೆ ಮತ್ತೆ ಬಾರದು ಎಂದಿಲ್ಲವಂತೆ. ರೋಗ ಬರಿಸಲು ಸಾಕಾಗುವ ವಿಷ ಎಷ್ಟು ಅಲ್ಪವೆಂದರೆ ದೇಹ ಅದನ್ನು ಗುರುತಿಟ್ಟುಕೊಳ್ಳುವುದೇ ಇಲ್ಲ. ಇಲ್ಲಿ ಮಾತ್ರ ದೇಹ ತನ್ನಷ್ಟಕ್ಕೆ ಕಲಿಯುವುದಿಲ್ಲ, ಕಲಿಸಬೇಕು. ಮರುದಿನ ಧಣಿಗಳು ಹೊಟೇಲಿನ ನಮ್ಮೆಲ್ಲರನ್ನೂ ಸಾಲಾಗಿ ಕರೆದುಕೊಂಡು ಹೋಗಿ ಚುಚ್ಚಿಸಿದರು.

ದೊಡ್ಡವರ ಕಥೆ ಹೀಗಾದರೆ ಹಸುಗೂಸುಗಳದು ಇನ್ನೂ ಕಷ್ಟ. ಕೊಳೆಯಾದ ಕತ್ತಿಯಿಂದ ಹೊಕ್ಕುಳಬಳ್ಳಿ ಕೊಯ್ದು ಸಗಣಿ ಬೂದಿ ಮೆತ್ತಿದರೆ ಮಗುವಿಗೆ ವಾರದಲ್ಲೇ ಈ ರೋಗ. 1988ರಲ್ಲಿ ಜಗತ್ತಿನಲ್ಲಿ ಸುಮಾರು 7 ಲಕ್ಷ 87 ಸಾವಿರ ನವಜಾತ ಶಿಶುಗಳು ಇದರಿಂದ ಸತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಸುರಿಯರಿಗೆ ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆ, ಶುದ್ಧ ಬ್ಲೇಡು ಇಷ್ಟರಿಂದಲೇ 2015ರಲ್ಲಿ ಭಾರತ ಬಾಣಂತಿ ಮತ್ತು ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶಗಳ ಪಟ್ಟಿಗೆ ಸೇರಿತು. ಅಂದರೆ ಪ್ರತಿ ಜಿಲ್ಲೆಯಲ್ಲೂ ಸಾವಿರ ಹೆರಿಗೆಗೆ ಒಂದಕ್ಕಿಂತ ಕಡಿಮೆ. ಮಣ್ಣಿನಿಂದ ಬ್ಯಾಕ್ಟೀರಿಯ ಹೋಗಿಲ್ಲ, ಹೋಗುವುದೂ ಇಲ್ಲ.

ಮೊಮ್ಮಗನ ಮೊಣಕಾಲಿಗೆ ಏನು ಮಾಡಿದೆವು ಎಂದು ಕೇಳುತ್ತೀರಲ್ಲ? ನಲ್ಲಿಯ ಕೆಳಗೆ ಸಾಬೂನು ಹಾಕಿ ಚೆನ್ನಾಗಿ ತೊಳೆದೆವು. ಅವನ ಲಸಿಕೆಯ ಕಾರ್ಡು ತೆಗೆದು ನೋಡಿದೆವು, ಎಲ್ಲ ಸಮಯಕ್ಕೆ ಸರಿಯಾಗಿ ಆಗಿದೆ. ಅಂಥ ಮೇಲ್ಮೈ ತರಚಿಗೆ ಇಷ್ಟು ಸಾಕು, ಅದು ತನ್ನಷ್ಟಕ್ಕೆ ಮಾಯಿತು. ಅತ್ತೆಯೂ ಗೆದ್ದಳು, ಸೊಸೆಯೂ ಗೆದ್ದಳು. ಆಳವಾದ ತೂತು, ಒಳಗೆ ಉಳಿದ ಮಣ್ಣು, ನಿಲ್ಲದ ರಕ್ತ, ನಾಯಿ ಕಡಿತ, ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಇವುಗಳಾಗಿದ್ದರೆ ಕಾಯದೆ ಡಾಕ್ಟರ ಹತ್ತಿರ ಹೋಗುತ್ತಿದ್ದೆವು.

ಆದರೂ ಸೊಸೆ ಸಮಾಧಾನಕ್ಕೆಂದು ನಮ್ಮ ಗಲ್ಲಿಯ ಡಾಕ್ಟರಿಗೆ ತೋರಿಸಿದಳು, ನಾನೂ ಜೊತೆಗೆ ಹೋಗಿದ್ದೆ. ಅವರು ಹುಡುಗನನ್ನು ನೋಡಿ ನಕ್ಕು, ನನ್ನ ಕಡೆ ತಿರುಗಿ, "ಅಂಕಲ್, ನೀವು ಟಿಟಿ ತೆಗೆದುಕೊಂಡು ಎಷ್ಟು ವರ್ಷ ಆಯಿತು?" ಎಂದರು. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಿಕೊಳ್ಳಬೇಕಂತೆ. ನಾನು ಲೆಕ್ಕ ಹಾಕಿದೆ. 1974!

ಇಷ್ಟೆಲ್ಲ ಓದಿಕೊಂಡ ನಾನು ನನ್ನ ತೋಳನ್ನೇ ಮರೆತಿದ್ದೆ. ಅಲ್ಲೇ ಚುಚ್ಚಿಸಿಕೊಂಡು ಬಂದೆ. ಈಗ ಅದು ಟಿಟಿ ಅಲ್ಲ, ಡಿಫ್ತೀರಿಯಾಕ್ಕೂ ಸೇರಿಸಿ ಟಿಡಿ ಎನ್ನುತ್ತಾರೆ. ಸರ್ಕಾರದ ಕಾರ್ಯಕ್ರಮದಲ್ಲಿ 2019ರಿಂದ ಹಾಗೆ ಬದಲಾಗಿದೆ. ತೋಳು ಎರಡು ದಿನ ನೋಯಿತು. ತನ್ನಷ್ಟಕ್ಕೆ ಹೋಯಿತು.

ನೀವು ಕೊನೆಯದಾಗಿ ಹಾಕಿಸಿಕೊಂಡದ್ದು ಯಾವಾಗ? ಒಮ್ಮೆ ನೆನಪು ಮಾಡಿಕೊಳ್ಳಿ.